ಉಳುಮೆ ಬಿಟ್ಟು ಎಂಟು ಮುಂಗಾರು: ನೀರು ಬೇಗ ಬಂತು, ಇಂಗಾಲ ನಿಧಾನ

ಹಿರೇಕೆರೂರು ತಾಲೂಕಿನಲ್ಲಿ ನನ್ನದು ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಮೂರು ಎಕರೆ ಮಸಾರಿ, ಒಂದು ಎಕರೆ ಎರಿ. ಮುಖ್ಯ ಬೆಳೆ ಗೋವಿನಜೋಳ. ಉಳುಮೆ ಕಡಿಮೆ ಮಾಡಿದರೆ ಮಣ್ಣಿಗೆ ಏನಾಗುತ್ತದೆ ಎಂಬುದನ್ನು 2017ರಿಂದ 2024ರವರೆಗೆ ಎಂಟು ಮುಂಗಾರು ನೋಡಿದ್ದೇನೆ. ಮೊದಲ ವರ್ಷ ಸೋತೆ. ಆಮೇಲೆ ಒಂದಷ್ಟು ಕಲಿತೆ. ಕಲಿತದ್ದರ ಜತೆ ಸೋತದ್ದನ್ನೂ ಇಲ್ಲಿ ಬರೆದಿದ್ದೇನೆ.

ಬದುವಿನ ಗುಂಡಿ, ಹೊಲದ ಗುಂಡಿ

ಶುರುವಾದದ್ದು ಬೇಲಿ ಕಲ್ಲಿನಿಂದ. 2016ರ ಬೇಸಿಗೆಯಲ್ಲಿ ಹೊಲದ ಸುತ್ತ ಕಲ್ಲು ನೆಡಲು ಗುಂಡಿ ತೆಗೆಯುತ್ತಿದ್ದೆವು. ಬದುವಿನ ಮೇಲೆ ಹಾರೆ ಸಲೀಸಾಗಿ ಇಳಿಯಿತು. ಮಣ್ಣು ಕಾಳುಕಾಳಾಗಿ, ಕಪ್ಪಗೆ, ಬೇರು ತುಂಬಿಕೊಂಡು ಬಂತು. ಒಂದು ಕಲ್ಲನ್ನು ಮಾತ್ರ ಹೊಲದೊಳಗೆ, ಬದುವಿನಿಂದ ನಾಲ್ಕು ಹೆಜ್ಜೆ ಈಚೆ ನೆಡಬೇಕಿತ್ತು. ಅಲ್ಲಿ ಮೇಲಿನ ಐದಾರು ಇಂಚು ಪುಡಿ ಮಣ್ಣು. ಅದರ ಕೆಳಗೆ ಹಾರೆ ಠಣ್ ಅಂದಿತು. ಕಲ್ಲೇನೂ ಇರಲಿಲ್ಲ, ಮಣ್ಣೇ ಹಲಗೆ ಹಾಸಿದಂತೆ ಗಟ್ಟಿಯಾಗಿತ್ತು. ಆ ಹಲಗೆಯ ಮೇಲೆ ಹಿಂದಿನ ವರ್ಷದ ಗೋವಿನಜೋಳದ ಬೇರು ಅಡ್ಡಡ್ಡ ತಿರುಗಿಕೊಂಡಿದ್ದವು. ಒಂದು ಬೇರೂ ಕೆಳಗೆ ಇಳಿದಿರಲಿಲ್ಲ.

ಎರಡೂ ಒಂದೇ ಮಣ್ಣು, ಒಂದೇ ಮಳೆ. ಬದುವಿಗೆ ನಾನು ಒಂದು ಚೀಲ ಗೊಬ್ಬರವನ್ನೂ ಹಾಕಿದವನಲ್ಲ. ನಮ್ಮಪ್ಪನ ಕಾಲದಿಂದ ಅದನ್ನು ಯಾರೂ ಉತ್ತಿಲ್ಲ, ಅದರ ಮೇಲೆ ಹುಲ್ಲು ಯಾವಾಗಲೂ ಇದ್ದೇ ಇದೆ. ವ್ಯತ್ಯಾಸ ಅಂದರೆ ಅದೊಂದೇ. ದುಡ್ಡು ಸುರಿದ ಹೊಲ ಕಲ್ಲಾಗಿತ್ತು, ಏನೂ ಮಾಡದ ಬದು ಹದವಾಗಿತ್ತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾವು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದನ್ನೇ. ಎರಡು ಮೂರು ವರ್ಷಕ್ಕೊಮ್ಮೆ ಟ್ರ್ಯಾಕ್ಟರಿನಲ್ಲಿ ಪಲ್ಟಿ ಹೊಡೆಸುವುದು. ಪ್ರತಿ ವರ್ಷ ಒಂದು ಸಲ ಕಲ್ಟಿವೇಟರ್, ಬಿತ್ತುವ ಮುಂಚೆ ಎರಡು ಸಲ ರೋಟಾವೇಟರ್. ಕೂಳೆ, ಸೊಪ್ಪೆ ಅಡ್ಡ ಬರುತ್ತವೆ ಅಂತ ಬೆಂಕಿ ಹಾಕುವುದು. ಹೊಲ ಹಿಟ್ಟಿನಂತೆ ನುಣ್ಣಗಾದರೆ ನೋಡಿದವರು ಭೇಷ್ ಅನ್ನುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು.

ಮಣ್ಣಿನ ಉಂಡಿ ಕಟ್ಟುವವರು ಯಾರು?

ಒಳ್ಳೆಯ ಮಣ್ಣು ಹಿಟ್ಟಿನಂತೆ ಇರುವುದಿಲ್ಲ, ಹೆಂಟೆಯಂತೆಯೂ ಇರುವುದಿಲ್ಲ. ಸಾಸಿವೆ, ಜೋಳ, ಕಡಲೆ ಗಾತ್ರದ ಕಾಳುಗಳಾಗಿ ಇರುತ್ತದೆ. ನಾಗರ ಪಂಚಮಿಗೆ ಶೇಂಗಾ ಉಂಡಿ ಕಟ್ಟುವುದನ್ನು ನೆನಪು ಮಾಡಿಕೊಳ್ಳಿ. ಶೇಂಗಾ ಒಂದೇ ಇದ್ದರೆ ಉಂಡಿ ಆಗದು, ಬೆಲ್ಲದ ಪಾಕ ಬೇಕು. ಮಣ್ಣಿನಲ್ಲಿ ಮರಳು, ಗೋಡು, ಜೇಡಿ ಕಣಗಳು ಶೇಂಗಾ ಇದ್ದಂತೆ. ಪಾಕ ಬರುವುದು ಜೀವಿಗಳಿಂದ. ಬೇರು ಒಂದು ಬಗೆಯ ಅಂಟು ಸುರಿಸುತ್ತದೆ. ಸೊಪ್ಪುಸದೆ ತಿನ್ನುವ ಸೂಕ್ಷ್ಮಜೀವಿಗಳು ಇನ್ನೊಂದು ಅಂಟು ಬಿಡುತ್ತವೆ. ಶಿಲೀಂಧ್ರದ ನೂಲಿನಂಥ ಎಳೆಗಳು ಕಣಗಳನ್ನು ಸುತ್ತಿ ಹಿಡಿಯುತ್ತವೆ. ಎರೆಹುಳು ಮಣ್ಣನ್ನೂ ಕಸವನ್ನೂ ಒಟ್ಟಿಗೆ ನುಂಗಿ, ಗುಳಿಗೆ ಮಾಡಿ ಹೊರಹಾಕುತ್ತದೆ.

ಈ ಉಂಡಿಗಳಿಂದ ಎರಡು ಲಾಭ. ಒಂದು, ಉಂಡಿ-ಉಂಡಿಗಳ ನಡುವೆ ದೊಡ್ಡ ಸಂದು ಇರುವುದರಿಂದ ಮಳೆ ನೀರು ಅಲ್ಲಿಂದ ಇಳಿಯುತ್ತದೆ. ಉಂಡಿಯ ಒಳಗಿನ ಸಣ್ಣ ಸಂದುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಎರಡು, ಉಂಡಿಯೊಳಗೆ ಸಿಕ್ಕಿಬಿದ್ದ ಕಸದ ಚೂರು ಸೂಕ್ಷ್ಮಜೀವಿಗಳ ಬಾಯಿಗೆ ಬೇಗ ಸಿಗುವುದಿಲ್ಲ. ಅದರಲ್ಲಿದ್ದ ಇಂಗಾಲ ಅಲ್ಲೇ ಉಳಿಯುತ್ತದೆ. ಅಂದರೆ ಇಂಗಾಲದಿಂದ ಉಂಡಿ ಆಗುತ್ತದೆ, ಉಂಡಿಯಿಂದ ಇಂಗಾಲ ಉಳಿಯುತ್ತದೆ. ಒಂದು ಹೋದರೆ ಇನ್ನೊಂದೂ ಹೋಯಿತು.

ರೋಟಾವೇಟರ್ ಮಾಡುವುದು ಈ ಉಂಡಿಗಳನ್ನು ಒಡೆಯುವ ಕೆಲಸ. ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ರಾತ್ರಿಯಿಡೀ ಇರುತ್ತದೆ. ಕೆದಕಿ ಊದಿದರೆ ಧಗ್ಗನೆ ಉರಿದು ಬೂದಿಯಾಗುತ್ತದೆ. ಹಾಗೆಯೇ ಮಣ್ಣನ್ನು ಕೆದಕಿದಾಗ ಗಾಳಿ ಸಿಕ್ಕಿ, ಅಡಗಿದ್ದ ಕಸ ಜೀವಿಗಳ ಬಾಯಿಗೆ ಬಿದ್ದು, ಅದರ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉತ್ತ ವರ್ಷ ಬೆಳೆ ಹಸಿರಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆ ಕಸದಲ್ಲಿದ್ದ ಸಾರಜನಕವೂ ಬಿಡುಗಡೆಯಾಗಿರುತ್ತದೆ. ನಾವು ಗಂಟು ಕರಗಿಸಿ ಉಣ್ಣುತ್ತಿರುತ್ತೇವೆ, ಬಡ್ಡಿ ಬಂತು ಅಂತ ತಿಳಿದಿರುತ್ತೇವೆ.

ಜತೆಗೆ ರೋಟಾವೇಟರಿನ ಬ್ಲೇಡು ಪ್ರತಿ ವರ್ಷ ಅದೇ ಆಳದಲ್ಲಿ ಮಣ್ಣನ್ನು ಸವರುತ್ತದೆ, ಒತ್ತುತ್ತದೆ. ಮೇಲಿನಿಂದ ಟ್ರ್ಯಾಕ್ಟರಿನ ಭಾರ ಬೇರೆ. ಹಸಿ ಇದ್ದಾಗ ಓಡಿಸಿದರಂತೂ ಮುಗಿಯಿತು. ನನ್ನ ಹೊಲದ ಆ ಹಲಗೆಯನ್ನು ಹಾಸಿದವನು ನಾನೇ.

ಮೊದಲ ವರ್ಷದ ಸೋಲು

ಬದುವಿನಂತೆ ಹೊಲವನ್ನೂ ಬಿಟ್ಟರೆ ಆಯ್ತಲ್ಲ ಅಂದುಕೊಂಡೆ. 2017ರಲ್ಲಿ ಒಂದು ಎಕರೆ ಮಸಾರಿಯನ್ನು ಏನೂ ಉಳದೆ ಬಿತ್ತಿದೆ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು ಕೇಳಿದರು:

“ಏನ್ ತಮ್ಮಾ, ಹೊಲಾ ಬೀಳು ಬಿಟ್ಟೀಯೇನು?”

“ಇಲ್ರಿ ಕಾಕಾ, ಬಿತ್ತೀನ್ರಿ.”

“ಹರಗಲಾರದ ಬಿತ್ತಿದ್ರ ಬೆಳಿ ಬರ್ತೈತೇನೋ ಹುಚ್ಚಾ?”

ಕಾಕಾ ಹೇಳಿದ್ದೇ ಆಯಿತು. ಜೂನಿನಲ್ಲಿ ಎರಡು ಜೋರು ಮಳೆ ಬಿದ್ದು, ಆಮೇಲೆ ಬಿಸಿಲು ಬಂತು. ಮಸಾರಿ ಮಣ್ಣಿನ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿ, ಮೊಳಕೆ ಅದರಡಿ ಮುದುಡಿಕೊಂಡವು. ಅಲ್ಲಲ್ಲಿ ಮರುಬಿತ್ತನೆ ಮಾಡಿದೆ. ಅಷ್ಟರಲ್ಲಿ ಕರಿಕೆ, ಜೇಕು ಮೇಲೆದ್ದವು. ಕಳೆಗೆ ಮೂರು ಸಲ ಆಳು ಹಚ್ಚಿದೆ. ಕೊನೆಗೆ ಆ ಎಕರೆಯಲ್ಲಿ ಸಿಕ್ಕಿದ್ದು ಒಂಬತ್ತು ಕ್ವಿಂಟಲ್. ಉತ್ತು ಬಿತ್ತಿದ ಪಕ್ಕದ ಎಕರೆಯಲ್ಲಿ ಹದಿನಾರು. ಆ ವರ್ಷ ಸೊಸೈಟಿ ಸಾಲದ ಕಂತಿಗೆ ಹೆಂಡತಿಯ ಬಳೆ ಅಡ ಇಡಬೇಕಾಯಿತು. “ಮುಂದಿನ ವರ್ಷ ಏನ್ ಮಾಡ್ತೀರಿ?” ಎಂದಷ್ಟೇ ಕೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಯಾಕೆ ಸೋತೆ? ಬದುವಿನಿಂದ ನಾನು ಅರ್ಧ ಪಾಠ ಮಾತ್ರ ಕಲಿತಿದ್ದೆ. ಬದುವನ್ನು ಯಾರೂ ಉಳುವುದಿಲ್ಲ, ಸರಿ. ಆದರೆ ಅದರ ಮೇಲೆ ವರ್ಷವಿಡೀ ಹೊದಿಕೆ ಇದೆ, ಒಳಗೆ ಜೀವಂತ ಬೇರು ಇದೆ. ನಾನು ಸೊಪ್ಪೆಯನ್ನೆಲ್ಲ ದನಕ್ಕೆ ಹೊತ್ತು, ಉಳಿದ ಕೂಳೆ ಸುಟ್ಟು, ಬೋಳು ನೆಲದಲ್ಲಿ ಉಳುಮೆಯನ್ನು ಮಾತ್ರ ಬಿಟ್ಟಿದ್ದೆ. ಬೋಳು ಮಸಾರಿಗೆ ಮಳೆ ಹನಿಯ ಪೆಟ್ಟು ಬಿದ್ದರೆ ಉಂಡಿ ಒಡೆದು, ಸಣ್ಣ ಕಣ ಸಂದಿಗೆ ಸೇರಿ, ಮೇಲ್ಪದರ ಮುಚ್ಚಿಹೋಗುತ್ತದೆ. ಆಗ ಕುಂಟೆಯಾದರೂ ಹೊಡೆದು ಒಡೆಯಬೇಕು. ಅದನ್ನೂ ಮಾಡಿರಲಿಲ್ಲ.

ಬೇರೆ ದೇಶದವರು ಕಂಡದ್ದು

ಅಮೆರಿಕದ ಬಯಲು ನಾಡಿನಲ್ಲಿ 1930ರ ದಶಕದಲ್ಲಿ ಬರದ ಜತೆ ಅತಿ ಉಳುಮೆಯೂ ಸೇರಿ ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. ಅಲ್ಲಿಯ ಎಡ್ವರ್ಡ್ ಫಾಕ್ನರ್ 1943ರಲ್ಲಿ ಒಂದು ಪುಸ್ತಕ ಬರೆದು, ತಪ್ಪು ಮಗುಚುವ ನೇಗಿಲಿನದು ಎಂದು ವಾದ ಹೂಡಿದರು. ಬ್ರೆಜಿಲಿನ ಪರಾನಾ ರಾಜ್ಯದಲ್ಲಿ ಹರ್ಬರ್ಟ್ ಬಾರ್ಟ್ಜ್ ಎಂಬ ರೈತ, ಮಳೆಗೆ ಹೊಲ ಕೊಚ್ಚಿಹೋಗುವುದನ್ನು ನೋಡಲಾರದೆ 1972ರಲ್ಲಿ ಉಳದೆ ಬಿತ್ತಲು ಶುರು ಮಾಡಿದರು. ನಮ್ಮ ದೇಶದವರೇ ಆದ ವಿಜ್ಞಾನಿ ರತ್ತನ್ ಲಾಲ್ 1970ರ ದಶಕದಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ ಇದೇ ಕೆಲಸ ಮಾಡಿದರು. ಉಳದೆ ಹೊದಿಕೆ ಬಿಟ್ಟ ತಾಕಿನಲ್ಲಿ ಮಣ್ಣು ನಿಂತಿತು, ಉತ್ತು ಬೋಳಾದ ತಾಕಿನಲ್ಲಿ ಕೊಚ್ಚಿಹೋಯಿತು. ಅವರಿಗೆ 2020ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ನನಗೆ ಹೆಚ್ಚು ಉಪಯೋಗವಾದದ್ದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ತಾಳೆ. 63 ದೇಶಗಳ 610 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಬರೀ ಉಳುಮೆ ಬಿಟ್ಟರೆ ಸರಾಸರಿಯಲ್ಲಿ ಇಳುವರಿ ಇಳಿಯುತ್ತದೆ. ಉಳುಮೆ ಬಿಡುವುದರ ಜತೆ ಹೊದಿಕೆ ಉಳಿಸಿ, ಬೆಳೆ ಬದಲಿಸಿದರೆ, ಮಳೆ ಕಡಿಮೆ ಇರುವ ಖುಷ್ಕಿಯಲ್ಲಿ ಇಳುವರಿ ಹೆಚ್ಚುತ್ತದೆ. ನನ್ನ 2017ರ ಕತೆಯನ್ನೇ ಅವರು ಬರೆದಂತಿತ್ತು. ಮೂರು ಕಾಲಿನ ಮಣೆಯನ್ನು ನಾನು ಒಂದೇ ಕಾಲಿನ ಮೇಲೆ ನಿಲ್ಲಿಸಲು ಹೋಗಿದ್ದೆ.

ಈಗ ನಾನು ಮಾಡುವ ಕ್ರಮ

ಪೂರ್ತಿ ಶೂನ್ಯ ಉಳುಮೆ ನನ್ನದಲ್ಲ. ‘ಕಡಿಮೆ ಉಳುಮೆ’ ಅಂದರೆ ಸರಿ. 2018ರ ಬೇಸಿಗೆಯಲ್ಲಿ ಬಾಡಿಗೆಗೆ ಸಬ್‌ಸಾಯ್ಲರ್ ತಂದು, ಒಣ ಮಣ್ಣಿನಲ್ಲಿ ನಾಲ್ಕಡಿಗೊಂದು ಗೆರೆ ಎಳೆಸಿ ಆ ಹಲಗೆಯನ್ನು ಒಡೆಸಿದೆ. ಒಮ್ಮೆ ಮಾತ್ರ. ಅಲ್ಲಿಂದೀಚೆಗೆ ಮೂರು ಎಕರೆ ಮಸಾರಿಯ ಪೈಕಿ ಎರಡರಲ್ಲಿ ಪಲ್ಟಿ, ರೋಟಾವೇಟರ್ ಎರಡೂ ಬಂದ್. ಹೋಲಿಸಿ ನೋಡಲು ಒಂದು ಎಕರೆಯನ್ನು ಹಳೆ ಪದ್ಧತಿಯಲ್ಲೇ ಬಿಟ್ಟಿದ್ದೇನೆ.

ಕೊಯ್ಲು: ಗೋವಿನಜೋಳದ ದಂಟನ್ನು ಬುಡಕ್ಕೆ ಕೊಯ್ಯದೆ ಮೊಣಕಾಲೆತ್ತರಕ್ಕೆ ಕೊಯ್ಯುತ್ತೇವೆ. ಮೇಲಿನ ಭಾಗ ದನಕ್ಕೆ, ಕೆಳಗಿನದು ಹೊಲಕ್ಕೆ. ದನ ಇಷ್ಟಪಡುವುದೂ ಮೇಲಿನ ಭಾಗವನ್ನೇ. ಎರಡು ಎತ್ತು, ಒಂದು ಎಮ್ಮೆ ಇರುವ ಮನೆಯಲ್ಲಿ ಸೊಪ್ಪೆ ಪೂರ್ತಿ ಹೊಲದಲ್ಲೇ ಬಿಡಿ ಅನ್ನುವವರು ದನ ಕಟ್ಟಿದವರಲ್ಲ. ದನದ ಪಾಲು ಸಗಣಿಯಾಗಿ ತಿಪ್ಪೆಯಿಂದ ಹೊಲಕ್ಕೆ ಬಂದರೆ ಲೆಕ್ಕ ಸರಿಹೋಗುತ್ತದೆ.

ಹುರುಳಿ: ಗೋವಿನಜೋಳದ ಎಲೆ ಹಳದಿಗೆ ತಿರುಗುವಾಗ, ನೆಲ ಹಸಿ ಇದ್ದರೆ ಸಾಲಿನ ನಡುವೆ ಹುರುಳಿ ಚೆಲ್ಲುತ್ತೇವೆ. ಹಿಂಗಾರು ನಾಲ್ಕು ಹನಿ ಬಿದ್ದರೂ ಸಾಕು, ನೆಲ ಮುಚ್ಚುತ್ತದೆ. ಕಾಳು ಸಿಕ್ಕರೆ ಲಾಭ, ಸಿಗದಿದ್ದರೆ ಬೇರು, ಎಲೆಯಾದರೂ ಮಣ್ಣಿಗೆ. ಮೂರನೇ ವರ್ಷಕ್ಕೊಮ್ಮೆ ಗೋವಿನಜೋಳ ಬಿಟ್ಟು ತೊಗರಿ ಹಾಕುತ್ತೇನೆ. ತೊಗರಿಯ ತಾಯಿಬೇರು ಟ್ರ್ಯಾಕ್ಟರ್ ಇಲ್ಲದೆ ಆಳಕ್ಕೆ ತೂತು ಕೊರೆಯುತ್ತದೆ. ಅದು ಕೊಳೆತ ಮೇಲೆ ಮುಂದಿನ ಬೆಳೆಯ ಬೇರಿಗೂ ನೀರಿಗೂ ಅದೇ ದಾರಿ.

ಬೇಸಿಗೆ: ಇದೇ ಕಷ್ಟದ ಕಾಲ. ಊರ ದನ, ಕುರಿ ನುಗ್ಗಿ ಕೂಳೆಯನ್ನೆಲ್ಲ ಮೇಯುತ್ತವೆ. ಬದುವಿಗೆ ಹಚ್ಚಿದ ಬೆಂಕಿ ಹೊಲಕ್ಕೆ ಬರುತ್ತದೆ. ಬೇಲಿ ಇದ್ದರೂ ಎರಡು ವರ್ಷ ನನ್ನ ಹೊದಿಕೆ ಹೋಯಿತು. ಜಗಳ ಆಡಿ ಪ್ರಯೋಜನವಿಲ್ಲ. ಕುರಿಯವರಿಗೆ ಎರಿ ಹೊಲದಲ್ಲಿ ಎರಡು ರಾತ್ರಿ ಮಂದೆ ಕೂರಿಸಿ ಅಂದೆ. ಕಾಳು ಕೊಟ್ಟೆ. ಮಸಾರಿಯನ್ನು ಬಿಟ್ಟುಕೊಟ್ಟರು.

ಬಿತ್ತನೆ: ಮೊದಲ ಹದ ಮಳೆಗೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಸಲ ಎತ್ತಿನ ಕುಂಟೆ, ಎರಡು ಇಂಚಿಗಿಂತ ಆಳ ಇಲ್ಲ. ಮೊಳೆತ ಕಳೆ ಸಾಯುತ್ತದೆ, ಹಪ್ಪಳ ಒಡೆಯುತ್ತದೆ, ಕಸ ಮೇಲೇ ಉಳಿಯುತ್ತದೆ. ಆಮೇಲೆ ಎರಡಡಿಗೊಂದು ಸಾಲು. ಹಿಂದಿನ ವರ್ಷದ ಸಾಲು ಬಿಟ್ಟು ನಡುವೆ. ಕಸ ಸಿಕ್ಕಿಕೊಳ್ಳದಂತೆ ಕಮ್ಮಾರರಲ್ಲಿ ಚೂಪಾದ ಕಬ್ಬಿಣದ ಮೊನೆ ಮಾಡಿಸಿದ್ದೇನೆ. ಅದು ಮೂರು ಇಂಚು ಅಗಲ ಮಾತ್ರ ಸೀಳುತ್ತದೆ. ಕಾಳು, ಗೊಬ್ಬರ ಕೈಯಲ್ಲೇ ಹಾಕುತ್ತೇವೆ.

ಗೊಬ್ಬರ: ಒಣ ದಂಟು ಕೊಳೆಸುವ ಜೀವಿಗಳಿಗೆ ಸಾರಜನಕ ಬೇಕು. ದಂಟಿನಲ್ಲಿ ಅದು ಕಡಿಮೆ, ಹಾಗಾಗಿ ಮಣ್ಣಿನಿಂದ ಕಸಿಯುತ್ತವೆ. ಮೊದಲ ಎರಡು ಮೂರು ವರ್ಷ ಸಸಿ ಹಳದಿಯಾಗುವುದು ಇದರಿಂದಲೇ. ಯೂರಿಯಾವನ್ನು ಕಸದ ಮೇಲೆ ಎರಚಿದರೆ ಅರ್ಧ ಅವುಗಳಿಗೆ, ಇನ್ನರ್ಧ ಗಾಳಿಗೆ. ಸಾಲಿನ ಪಕ್ಕ ಮಣ್ಣೊಳಗೆ ಹಾಕಬೇಕು.

ಕಳೆ: ಇದಕ್ಕೆ ಮಂತ್ರವಿಲ್ಲ. ಹೊರದೇಶಗಳಲ್ಲಿ ಉಳದೆ ಬಿತ್ತುವವರಲ್ಲಿ ಹೆಚ್ಚಿನವರು ಕಳೆನಾಶಕ ನಂಬಿದವರು. ನಾನು ಅದರ ದಾರಿ ಹಿಡಿದಿಲ್ಲ. ಎಡೆಕುಂಟೆ ಎರಡು ಸಲ, ಕೈಗಳೆ ಒಂದು ಸಲ. ಮೊದಲ ಮೂರು ವರ್ಷ ಕಳೆ ಖರ್ಚು ಜಾಸ್ತಿಯೇ ಬಂತು. ಹೊದಿಕೆ ನಿಂತ ಮೇಲೆ ಸಣ್ಣ ಬೀಜದ ಕಳೆ ಇಳಿಯಿತು. ಜೇಕು ಈಗಲೂ ಇದೆ. ಕರಿಕೆಯ ಗಡ್ಡೆಬೇರನ್ನು ಬೇಸಿಗೆಯಲ್ಲಿ ಅಗೆದು ತೆಗೆಯದೆ ಈ ಪದ್ಧತಿಗೆ ಇಳಿಯಲೇಬೇಡಿ.

ಗೆದ್ದಲು: ಒಣ ದಂಟಿಗೆ ಬರುತ್ತವೆ, ತಿನ್ನುತ್ತವೆ. ತಿನ್ನಲು ಒಣದು ಇರುವಷ್ಟು ದಿನ ನನ್ನ ಹೊಲದಲ್ಲಿ ಹಸಿ ಬೆಳೆಗೆ ಬಾಯಿ ಹಾಕಿದ್ದು ಕಡಿಮೆ.

ಖರ್ಚಿಲ್ಲದ ಮೂರು ಪರೀಕ್ಷೆ

ಫಲ ಬಂತೋ ಇಲ್ಲವೋ ನೋಡಲು ಲ್ಯಾಬ್ ಬೇಕಿಲ್ಲ.

ಒಂದು, ಲೋಟದ ಪರೀಕ್ಷೆ. ಎರಡು ಹೊಲದಿಂದ ಅಡಕೆ ಗಾತ್ರದ ಹೆಂಟೆ ತಂದು ನೆರಳಲ್ಲಿ ಪೂರ್ತಿ ಒಣಗಿಸಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ, ಚಹಾ ಸೋಸುವ ಜಾಲರಿಯಲ್ಲಿ ಇಟ್ಟು ಮುಳುಗಿಸಿ. ಪಾಕ ಇಲ್ಲದ ಮಣ್ಣು ಒಂದೆರಡು ನಿಮಿಷದಲ್ಲಿ ಕುಸಿದು ಕೆಸರಾಗುತ್ತದೆ. ಪಾಕ ಇರುವ ಮಣ್ಣು ನಿಲ್ಲುತ್ತದೆ. ರೋಟಾವೇಟರ್ ಎಕರೆಯ ಹೆಂಟೆ ನನ್ನ ಕಣ್ಣೆದುರೇ ಕರಗಿತು. ಬದುವಿನದು ಮರುದಿನವೂ ಇತ್ತು. ಕಡಿಮೆ ಉಳುಮೆಯದು ಎರಡನೇ ವರ್ಷಕ್ಕೇ ಅರ್ಧ ಗಂಟೆ ನಿಂತಿತು.

ಎರಡು, ಡಬ್ಬಿಯ ಪರೀಕ್ಷೆ. ಆರು ಇಂಚು ಅಗಲದ ತಗಡಿನ ಡಬ್ಬಿಯ ತಳ, ಮುಚ್ಚಳ ಕತ್ತರಿಸಿ, ಎರಡು ಇಂಚು ಮಣ್ಣಿಗೆ ಬಡಿಯಿರಿ. ಅರ್ಧ ಲೀಟರ್ ನೀರು ಹಾಕಿದರೆ ಒಂದು ಇಂಚಿಗಿಂತ ತುಸು ಹೆಚ್ಚಿನ ಮಳೆ ಆದಂತೆ. ಅದು ಇಂಗಿದ ಮೇಲೆ ಇನ್ನರ್ಧ ಲೀಟರ್ ಹಾಕಿ ಗಡಿಯಾರ ನೋಡಿ. 2020ರಲ್ಲಿ ನನ್ನ ಕಡಿಮೆ ಉಳುಮೆ ಎಕರೆಯಲ್ಲಿ ಎರಡನೇ ಅರ್ಧ ಲೀಟರ್ ನಾಲ್ಕು ನಿಮಿಷದಲ್ಲಿ ಇಳಿಯಿತು. ಹಳೆ ಪದ್ಧತಿಯಲ್ಲಿ ಇಪ್ಪತ್ತೈದು ನಿಮಿಷ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್ ನೀರು. ಅರ್ಧ ಗಂಟೆಯ ಮಳೆಯಲ್ಲಿ ಅದು ಹೊಲಕ್ಕೆ ಇಳಿಯುತ್ತದೋ ಹಳ್ಳಕ್ಕೆ ಹೋಗುತ್ತದೋ ಅನ್ನುವುದು ಈ ನಿಮಿಷಗಳಲ್ಲಿದೆ.

ಮೂರು, ಸರಳಿನ ಪರೀಕ್ಷೆ. ಹದ ಮಳೆಯಾದ ಎರಡನೇ ದಿನ ತೆಳು ಕಬ್ಬಿಣದ ಸರಳನ್ನು ಕೈಯಿಂದ ಒತ್ತಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಹಲಗೆ ಇದೆ. ಉಳುಮೆ ಬಿಡುವ ಮುಂಚೆಯೇ ಇದನ್ನು ಮಾಡಿ. ಹಲಗೆ ಇಟ್ಟುಕೊಂಡು ಉಳುಮೆ ಬಿಟ್ಟರೆ ಅದು ತನ್ನಷ್ಟಕ್ಕೆ ಹೋಗಲು ಬಹಳ ವರ್ಷ ಬೇಕು.

ಇಂಗಾಲದ ಲೆಕ್ಕ

ಈಚೆಗೆ ಇಂಗಾಲಕ್ಕೆ ದುಡ್ಡು ಕೊಡುತ್ತೇವೆ ಅಂತ ಹೇಳಿಕೊಂಡು ನಮ್ಮೂರಿಗೂ ಒಬ್ಬರು ಬಂದಿದ್ದರು. ಉಳುಮೆ ಬಿಡಿ, ಫಾರಂಗೆ ಸಹಿ ಹಾಕಿ, ಮಣ್ಣಿನಲ್ಲಿ ಇಂಗಾಲ ಕೂಡುತ್ತದೆ, ಮನೆ ಬಾಗಿಲಿಗೆ ಹಣ ಬರುತ್ತದೆ ಅಂದರು. ಸಹಿ ಹಾಕುವ ಮುಂಚೆ ನಾನು ಲೆಕ್ಕ ಮಾಡಿದೆ. ನೀವೂ ಮಾಡಿ.

ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು ಎಂಟೂವರೆ ಲಕ್ಷ ಕಿಲೋ. ಇದರಲ್ಲಿ ಸಾವಯವ ಇಂಗಾಲ 0.1 ಶೇಕಡಾ ಹೆಚ್ಚಬೇಕಾದರೆ ಸುಮಾರು 850 ಕಿಲೋ ಇಂಗಾಲ ಉಳಿಯಬೇಕು. ನನ್ನ ಹೊಲದಲ್ಲಿ ಬಿಟ್ಟ ದಂಟು, ಬೇರು, ಹುರುಳಿ ಎಲೆ ಎಲ್ಲ ಸೇರಿ ಒಳ್ಳೆಯ ವರ್ಷದಲ್ಲಿ ಎಕರೆಗೆ ಎರಡು ಟನ್ ಒಣ ಕಸ ಅಂತ ಇಟ್ಟುಕೊಳ್ಳೋಣ. ಒಣ ಕಸದಲ್ಲಿ ನೂರಕ್ಕೆ ನಲವತ್ತು ನಲವತ್ತೈದು ಭಾಗ ಇಂಗಾಲ. ಅಂದರೆ 800ರಿಂದ 900 ಕಿಲೋ. ಆದರೆ ಇದರಲ್ಲಿ ಬಹುಪಾಲನ್ನು ಜೀವಿಗಳು ತಿಂದು ಉಸಿರಾಗಿ ಗಾಳಿಗೆ ಬಿಡುತ್ತವೆ. ಬಿಸಿ ನಾಡಿನ ಮಣ್ಣಿನಲ್ಲಿ ಬಹುಕಾಲ ಉಳಿಯುವುದು ಹತ್ತು ಹದಿನೈದು ಭಾಗ ಅಂದರೂ ವರ್ಷಕ್ಕೆ ನೂರು ಕಿಲೋ ಆಸುಪಾಸು. ಅಂದರೆ ಆ 0.1 ಶೇಕಡಾಕ್ಕೆ ಎಂಟು ವರ್ಷ ಬೇಕು.

ಇಂಗಾಲದ ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ನೂರು ಕಿಲೋ ಇಂಗಾಲ ಅಂದರೆ 367 ಕಿಲೋ ಡೈಆಕ್ಸೈಡ್. ಮೂರು ಎಕರೆ ಸೇರಿಸಿದರೆ ವರ್ಷಕ್ಕೆ ಒಂದು ಕ್ರೆಡಿಟ್ ಆಗಬಹುದು. ಅದರಲ್ಲಿ ಅಳೆಯುವವರ ಪಾಲು, ಮಧ್ಯದವರ ಪಾಲು ಕಳೆದು ನನಗೆ ಬರುವುದೆಷ್ಟು ಅಂತ ಕೇಳಿದೆ. ಬಂದವರು ವಿಷಯ ಬದಲಿಸಿದರು. ಮತ್ತೊಂದು ಮಾತು: ಕೂಡಿಟ್ಟ ಇಂಗಾಲ ಬ್ಯಾಂಕಿನ ಠೇವಣಿಯಂತೆ ಭದ್ರವಲ್ಲ. ಒಮ್ಮೆ ಪಲ್ಟಿ ಹೊಡೆಸಿದರೆ ಒಂದಷ್ಟು ಮತ್ತೆ ಗಾಳಿಗೆ. ನಾಳೆ ಪಾಲಾಗುವ ಹೊಲಕ್ಕೆ, ನನ್ನ ಮಗ ಹೇಗೆ ಉಳಬೇಕು ಅಂತ ನಾನು ಇಂದು ಬರೆದುಕೊಡಲು ಆಗುತ್ತದೆಯೇ? ಸಹಿ ಹಾಕಲಿಲ್ಲ. ನೀವು ಹಾಕಬೇಡಿ ಅನ್ನುವುದಿಲ್ಲ. ಎಷ್ಟು ವರ್ಷದ ಕರಾರು, ಮಣ್ಣನ್ನು ಎಷ್ಟು ಆಳಕ್ಕೆ ಅಳೆಯುತ್ತಾರೆ, ಮಧ್ಯೆ ಬಿಟ್ಟರೆ ಏನು ಎಂಬ ಮೂರನ್ನು ಕನ್ನಡದಲ್ಲಿ ಬರೆಸಿಕೊಂಡು ಓದಿ.

ಆಳದ ಮಾತು ಯಾಕೆ? ಉಳುಮೆ ಬಿಟ್ಟಾಗ ಕಸ ಮೇಲೇ ಉಳಿಯುತ್ತದೆ. ಮೇಲಿನ ಎರಡು ಇಂಚಿನಲ್ಲಿ ಇಂಗಾಲ ಚೆನ್ನಾಗಿ ಏರುತ್ತದೆ. ಉಳುಮೆ ಮಾಡುವ ಹೊಲದಲ್ಲಿ ಅದೇ ಕಸ ಕೆಳಗೆ ಹೂತುಹೋಗಿರುತ್ತದೆ. ಮೇಲಿನದನ್ನು ಮಾತ್ರ ಅಳೆದರೆ ಬೆಟ್ಟದಷ್ಟು ವ್ಯತ್ಯಾಸ ಕಾಣುತ್ತದೆ, ಆಳದವರೆಗೆ ಅಳೆದರೆ ಅದು ಗುಡ್ಡೆಯಾಗುತ್ತದೆ. ವಿಜ್ಞಾನಿಗಳೂ ಈ ವಿಷಯದಲ್ಲಿ 2007ರಿಂದೀಚೆಗೆ ಎಚ್ಚರಿಸುತ್ತ ಬಂದಿದ್ದಾರೆ. ಉಳುಮೆ ಬಿಟ್ಟ ಮಾತ್ರಕ್ಕೆ ಹವಾಮಾನ ಬದಲಾವಣೆಗೆ ದೊಡ್ಡ ಮದ್ದು ಸಿಗುತ್ತದೆ ಎಂಬುದು ಅತಿಯಾದ ಮಾತು ಎಂದು 2014ರಲ್ಲಿ ಒಂದು ಪ್ರಮುಖ ಲೇಖನ ಬಂತು.

ನನ್ನ ಹೊಲದ್ದೂ ಅದೇ ಕತೆ. 2017ರಲ್ಲಿ ಮೇಲಿನ ಅರ್ಧ ಅಡಿಯಲ್ಲಿ ಸಾವಯವ ಇಂಗಾಲ 0.41 ಶೇಕಡಾ ಇತ್ತು. 2024ರಲ್ಲಿ, ಅದೇ ಮೇ ತಿಂಗಳು, ಅದೇ ಆಳದಲ್ಲಿ ತೆಗೆಸಿದಾಗ 0.49. ಮಣ್ಣು ಪರೀಕ್ಷೆ ಚೀಟಿಯ ಪ್ರಕಾರ 0.5ಕ್ಕಿಂತ ಕೆಳಗೆ ‘ಕಡಿಮೆ’. ಅಂದರೆ ಏಳು ವರ್ಷ ದುಡಿದು ಈಗಲೂ ‘ಕಡಿಮೆ’ಯಲ್ಲೇ ಇದ್ದೇನೆ. ಅದರ ಕೆಳಗಿನ ಅರ್ಧ ಅಡಿಯಲ್ಲಿ 0.33 ಇದ್ದದ್ದು 0.32. ಅಲ್ಲಿ ಏನೂ ಬದಲಾಗಿಲ್ಲ ಅಂತಲೇ ಲೆಕ್ಕ. ಒಬ್ಬನ ಹೊಲದ ನಾಲ್ಕು ಮಾದರಿಯನ್ನು ನಂಬಿ ಯಾರೂ ಕುಣಿಯಬೇಕಿಲ್ಲ.

ಹಾಗಾದರೆ ಇಂಗಾಲ ಇಷ್ಟು ನಿಧಾನ ಇರುವಾಗ ನೀರು ಇಂಗುವುದು ಮೂರೇ ವರ್ಷದಲ್ಲಿ ಹೇಗೆ ಸುಧಾರಿಸಿತು? ಉಂಡಿ ಕಟ್ಟುವುದು ಉಳಿದ ಇಂಗಾಲ ಒಂದೇ ಅಲ್ಲ, ಉರಿದು ಹೋಗುವ ಇಂಗಾಲವೂ ಕಟ್ಟುತ್ತದೆ. ಜೀವಿಗಳು ಕಸ ತಿನ್ನುವಾಗಲೇ ಅಂಟು ಬಿಡುವುದು. ಒಲೆಗೆ ಹಾಕಿದ ಸೌದೆ ಬೂದಿಯಾಯಿತು ಅಂತ ನಷ್ಟ ಅನ್ನುತ್ತೇವೆಯೇ? ಅನ್ನ ಬೆಂದಿರುತ್ತದಲ್ಲ. ವರ್ಷ ವರ್ಷ ಸೌದೆ ಹಾಕುತ್ತಿರಬೇಕು, ಅಷ್ಟೇ. ಒಂದು ವರ್ಷ ಹೊದಿಕೆ ತಪ್ಪಿದರೆ ಲೋಟದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕುರಿ ಮೇಯ್ದ ವರ್ಷ ನನಗೆ ಗೊತ್ತಾಗಿದೆ.

2023ರ ಬರ

ಆ ವರ್ಷ ರಾಜ್ಯದ ಬಹುಪಾಲು ತಾಲೂಕುಗಳಿಗೆ ಬರ ಬಂತು. ಆಗಸ್ಟಿನಲ್ಲಿ ಗೋವಿನಜೋಳ ಹೂವಿಗೆ ಬಂದಾಗಲೇ ಮಳೆ ನಿಂತಿತು. ಹಳೆ ಪದ್ಧತಿಯ ಎಕರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲೆ ಸುರುಳಿ ಸುತ್ತತೊಡಗಿದ ಮೇಲೆ ಒಂಬತ್ತು ದಿನಕ್ಕೆ ಕಡಿಮೆ ಉಳುಮೆಯದರಲ್ಲಿ ಸುತ್ತಿತು. ಆ ಒಂಬತ್ತು ದಿನದಲ್ಲಿ ತೆನೆಗೆ ಕಾಳು ಕಟ್ಟಿತು. ಹಳೆಯದರಲ್ಲಿ ಏಳು ಕ್ವಿಂಟಲ್, ಕಡಿಮೆ ಉಳುಮೆಯಲ್ಲಿ ಎಕರೆಗೆ ಹನ್ನೊಂದು. ಎರಡೂ ಹೇಳಿಕೊಳ್ಳುವ ಬೆಳೆಯಲ್ಲ. ಆದರೆ ಏಳರಲ್ಲಿ ಬೀಜ ಗೊಬ್ಬರದ ಸಾಲ ತೀರುತ್ತಿರಲಿಲ್ಲ, ಹನ್ನೊಂದರಲ್ಲಿ ತೀರಿತು. ಒಳ್ಳೆ ಮಳೆಯ ವರ್ಷಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, 2022ರಲ್ಲಿ ಹಳೆಯದೇ ಒಂದು ಕ್ವಿಂಟಲ್ ಮುಂದಿತ್ತು. ಆದರೆ ಟ್ರ್ಯಾಕ್ಟರ್ ಬಾಡಿಗೆ ನಾಲ್ಕು ಸಲದ್ದು ಉಳಿದಿದೆ.

ಆ ಅಕ್ಟೋಬರಿನಲ್ಲಿ ಕಾಕಾ ಮತ್ತೆ ಬದುವಿನ ಮೇಲೆ ಬಂದು ನಿಂತರು. ಬಹಳ ಹೊತ್ತು ನೋಡಿ, “ಆ ಕಬ್ಬಿಣದ ಮೊನಿ ಯಾವ ಕಮ್ಮಾರ ಮಾಡ್ಯಾನೋ ತಮ್ಮಾ?” ಅಂದರು.

ಶುರು ಮಾಡುವವರಿಗೆ

ಪೂರ್ತಿ ಹೊಲಕ್ಕೆ ಕೈ ಹಾಕಬೇಡಿ. ಸೋತರೂ ಉಣ್ಣುವುದಕ್ಕೆ ತೊಂದರೆಯಾಗದಷ್ಟು, ಹತ್ತು ಗುಂಟೆ ಸಾಕು. ಮೊದಲು ಸರಳು ಹಾಕಿ ಹಲಗೆ ನೋಡಿ. ಕರಿಕೆ ತೆಗೆಯಿರಿ. ಹೊದಿಕೆಗೆ ಕಸ ಎಲ್ಲಿಂದ ಬರುತ್ತದೆ ಅಂತ ಮೊದಲೇ ಗೊತ್ತು ಮಾಡಿ. ಕಸ ಇಲ್ಲದಿದ್ದರೆ ಉಳುಮೆ ಬಿಡಬೇಡಿ, ರೋಟಾವೇಟರ್ ಬಿಟ್ಟು ಕುಂಟೆಗೆ ಬನ್ನಿ, ಅಷ್ಟೇ ಸಾಕು. ನೀರು ನಿಲ್ಲುವ ತಗ್ಗಿನಲ್ಲಿ ಇದು ಒಗ್ಗದು. ಬೇಸಿಗೆಯಲ್ಲಿ ತಾನೇ ಬಿರಿದು ಸಡಿಲವಾಗುವ ಎರಿ ಮಣ್ಣಿನ ನಡೆ ಬೇರೆ. ಅಲ್ಲಿ ನನಗಿನ್ನೂ ಪಾಠ ಮುಗಿದಿಲ್ಲ.

ಇಂಗಾಲಕ್ಕಾಗಿ ಉಳುಮೆ ಬಿಟ್ಟರೆ ನಿರಾಸೆಯಾದೀತು. ನೀರಿಗಾಗಿ ಬಿಡಿ, ಆಳು-ಡೀಸೆಲ್ ಲೆಕ್ಕ ಇಟ್ಟುಕೊಂಡು ಬಿಡಿ. ಇಂಗಾಲ ತನ್ನ ಪಾಡಿಗೆ ತಾನು, ನಿಧಾನಕ್ಕೆ, ಹಿಂದಿನಿಂದ ಬರುತ್ತದೆ. ಎರಿ ಭೂಮಿಯಲ್ಲಿ ಉಳದೆ ಬೆಳೆದವರು ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಗೆದ್ದದ್ದರ ಜತೆ ಸೋತದ್ದನ್ನೂ ಬರೆಯಿರಿ. ನನ್ನ ಆ ಒಂದು ಎಕರೆ ಕಾಯುತ್ತಿದೆ.